ಹಗೇವಿಗೆ ಬಿದ್ದ ಬೇಟೆ

ತಗ್ಗು ಮುಚ್ಚುವಾಗ ಶ್ರೀಶೈಲ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಜಾಣತನ ತೋರಿಸಿಬಿಟ್ಟ. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಅದು ಬರೀ ತಗ್ಗಲ್ಲ, ಹಗೇವು. ಜೋಳ ತುಂಬಿಡಲೆಂದು ಅವನ ಮುತ್ತಜ್ಜ ಹಿತ್ತಲಿನಲ್ಲಿ ತೋಡಿಸಿದ್ದು. ಬಾಯಿ ಸಣ್ಣದು, ಹೊಟ್ಟೆ ಮಾತ್ರ ಮದುವೆ ಮನೆಯ ಅಡುಗೆಯವನಷ್ಟು ದೊಡ್ಡದು. ಮನೆಯೊಳಗೆ ಚೀಲ ಒಟ್ಟುವ ಕಾಲ ಬಂದ ಮೇಲೆ ಅದರ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದು ಎಲ್ಲರೂ ಮರೆತಿದ್ದರು. ಶ್ರೀಶೈಲನಿಗೆ ಮಾತ್ರ ಅದರಲ್ಲಿ ಪಾಯಖಾನೆಯ ಗುಂಡಿಯೊಂದು ಸಿದ್ಧವಾಗಿ ಕಾಣಿಸಿತು.

ಪಾಯಖಾನೆಯ ಮಾತು ಎದ್ದದ್ದು ಒಂದು ಹಂದಿಯಿಂದ. ಆಲಮೇಲದ ಆಚೆಗಿರುವ ಆ ಊರಿನಲ್ಲಿ ಮನೆಗಳ ಬೆನ್ನಿಗೇ ಕಬ್ಬು. ಪಂಚಮಿಗೆ ಮುಂಚೆ ಒಂದು ನಸುಕಿನಲ್ಲಿ ಅವನ ಹೆಂಡತಿ ವಿದ್ಯಾವತಿ, ತಾಯಿ ಸಿದ್ದಲಿಂಗವ್ವ ಇಬ್ಬರೂ ತಂಬಿಗೆ ಹಿಡಿದು ಕಬ್ಬಿನ ಬದುವಿಗೆ ಹೋಗಿದ್ದಾಗ ಕಾಡುಹಂದಿಯೊಂದು ಎದುರಿಗೆ ಬಂದು ನಿಂತಿತು. ತಂಬಿಗೆಗಳು ಅಲ್ಲೇ ಉಳಿದವು. ಅತ್ತೆ ಸೊಸೆ ಎದ್ದು ಬಿದ್ದು ಮನೆ ಸೇರಿದರು. ಪಂಚಮಿಗೆಂದು ನಿಡಗುಂದಿಯ ತವರಿಗೆ ಹೋದ ಸೊಸೆ, "ಪಾಯಖಾನಿ ಆದ ದಿನ ಫೋನ್ ಮಾಡ್ರಿ, ಬರ್ತೇನಿ" ಎಂದು ಅಲ್ಲೇ ಉಳಿದುಬಿಟ್ಟಳು. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಸುಮ್ಮನಾದಳು.

ದೀಪಾವಳಿಯೂ ಹೋಯಿತು. ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ಅವನ ಮನೆ ಹಾಯುವಾಗ ನಡಿಗೆ ನಿಧಾನ ಮಾಡಿ ಒಳಗೆ ಇಣುಕತೊಡಗಿದರು. ಇನ್ನು ತಡಮಾಡಿದರೆ ಹೆಂಡತಿ ಬರುವುದು ದೂರ, ಊರಿಗೇ ಸುದ್ದಿಯಾಗುತ್ತೇನೆ ಎಂದು ಶ್ರೀಶೈಲನಿಗೆ ಅನಿಸಿತು. ಗೌಂಡಿಗಳೆಲ್ಲ ಸಿಂದಗಿಯ ಹೊಸ ಮನೆಗಳ ಮೇಲೆ ಹತ್ತಿ ಕೂತಿದ್ದರು. ತಾನೇ ಕಟ್ಟುತ್ತೇನೆಂದು ನಿರ್ಧರಿಸಿದ. ಫೋನಿನಲ್ಲಿ ನೋಡಿ ಎಲ್ಲವನ್ನೂ ತಾನೇ ಮಾಡುವ ಚಟ ಅವನಿಗೆ ಮೊದಲಿನಿಂದ ಇತ್ತು. ಅವನು ಹೊಡೆದ ಗೂಟ ಉಪ್ಪಿನಕಾಯಿ ಭರಣಿ ಸಮೇತ ನೆಲಕ್ಕಿಳಿದಿತ್ತು. ಅವನು ಕೂಡಿಸಿದ ನಳ ಅಡುಗೆಮನೆಯಲ್ಲಿ ತಿರುಗಿಸಿದರೆ ದನದ ಕೊಟ್ಟಿಗೆಯಲ್ಲಿ ಸುರಿಯುತ್ತಿತ್ತು.

ಹಗ್ಗ ಹಿಡಿದು ಹಗೇವಿನ ಅಳತೆ ತೆಗೆಯುತ್ತಿದ್ದಾಗ ಸಿದ್ದಲಿಂಗವ್ವ ನೋಡಿದಳು.

"ಏನೋ ಅದು?"

"ಏನಿಲ್ಲವ್ವಾ, ಪಾಯಖಾನಿ ತಗ್ಗು ಇಲ್ಲೇ ಮಾಡಿದ್ರ..."

"ಮೂರು ತಲಿಮಾರಿನ ಹೊಟ್ಟಿ ತುಂಬಿಸಿದ ಹಗೇವೋ ಅದು! ಅದಕ್ಕ ಹೊಲಸು ಮುಟ್ಟಿಸಿದಿ ಅಂದ್ರ ನಾ ಈ ಮನ್ಯಾಗ ಒಂದು ಗಳಿಗಿ ಇರೂದಿಲ್ಲ, ನೋಡು ಮತ್ತ!"

ತಾಯಿಗೆ ಪಾಯಖಾನೆ ಬೇಡ, ಹೆಂಡತಿಗೆ ಬೇಕು ಎಂದು ಶ್ರೀಶೈಲ ಅರ್ಥ ಮಾಡಿಕೊಂಡ. ಇಬ್ಬರನ್ನೂ ಮತ್ತೊಮ್ಮೆ ಕೇಳುವ ಗೋಜಿಗೆ ಹೋಗಲಿಲ್ಲ.

ಸಿಂದಗಿಯಲ್ಲಿ ತಂಗಿಯ ಬಸುರಿ ಸೊಸೆಯ ಕುಬಸಕ್ಕೆಂದು ಸಿದ್ದಲಿಂಗವ್ವ ಹೊರಟಾಗ ಅವನು ಬಸ್ ಕಣ್ಮರೆಯಾಗುವವರೆಗೂ ನಿಂತು ನೋಡಿದ. ಮನೆಗೆ ಬಂದು ಹಗೇವಿನ ಕಲ್ಲು ಸರಿಸಿದ. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟು, ಆಮೇಲೆ ಅದರ ಬಾಯಿ ಒಡೆದು ಅಗಲ ಮಾಡಿ, ತಳದಲ್ಲಿ ಉಳಿದಿದ್ದ ಕೊಳೆತ ಜೋಳ ಮೇಲೆತ್ತಿದ. ಆ ಜೋಳದ ಹುಳಿ ಘಾಟು ಭೀಮಾ ನದಿಯ ದಂಡೆಯವರೆಗೂ ಹೋಗಿರಬೇಕು. ಎರಡು ದಿನದಲ್ಲಿ ಪಕ್ಕದಲ್ಲೇ ಮೂರು ಗೋಡೆ ಎಬ್ಬಿಸಿದ. ಗೋಡೆಗಳು ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರ ಹಾಗೆ ಒಂದು ಕಡೆ ವಾಲಿ ನಿಂತವು. ಆಲಮೇಲದಿಂದ ಬಿಳಿ ಬೇಸಿನ್ನೊಂದನ್ನು ತಂದು ಗೋಡೆಗಳ ನಡುವೆ ಇಟ್ಟ. ನೋಡಲು ಅಷ್ಟು ಚೆನ್ನಾಗಿತ್ತೆಂದರೆ, ತಡೆಯಲಾಗದೆ ಹೆಂಡತಿಗೆ ಫೋನ್ ಮಾಡಿ, "ಆತು, ನಾಳಿ ಬಾ" ಎಂದುಬಿಟ್ಟ. ಉಳಿದ ಕೆಲಸ ಮುಂಜಾನೆಯೊಳಗೆ ಮುಗಿಯುತ್ತದೆ, ಮುಗಿದ ಮೇಲೆ ತಾಯಿ ಏನು ಮಾಡಿಯಾಳು ಎಂಬುದು ಅವನ ಧೈರ್ಯ.

ಆದರೆ ಅವನು ಫೋನ್ ಮಾಡಿದ ಸಂಜೆಯೇ ಸಿದ್ದಲಿಂಗವ್ವ ತಿರುಗಿ ಬಂದಳು. ಟಂಟಂ ಆಟೋದಿಂದ ಅವಳು ಇಳಿಯುವ ಸದ್ದು ಕೇಳಿ ಶ್ರೀಶೈಲ ಹಿತ್ತಲಿಗೆ ಓಡಿದ. ಹಗೇವಿನ ಬಾಯಿಗೆ ಜೋಳದ ದಂಟಿನ ಕಣಿಕೆ ಅಡ್ಡಡ್ಡ ಹಾಸಿದ. ಅದರ ಮೇಲೆ ಕಬ್ಬಿನ ಒಣ ಗರಿಯ ರವದಿ ಹರಡಿದ. ಅದರ ಮೇಲೆ ತೆಳ್ಳಗೆ ಮಣ್ಣು. ಹೊಸ ಮಣ್ಣು ಎದ್ದು ಕಾಣುತ್ತದೆಂದು ಅದರ ಮೇಲೆ ಕೊಳೆತ ಜೋಳವನ್ನೇ ಒಣಗಲು ಹಾಕಿದಂತೆ ಹರವಿದ. ಹಿಂದೆ ಸರಿದು ನೋಡಿದ. ತಗ್ಗು ಎಲ್ಲಿದೆ ಎಂದು ಅವನಿಗೇ ಗೊತ್ತಾಗಲಿಲ್ಲ.

"ಇವು ಗ್ವಾಡಿ ಯಾಕೋ?" ಎಂದು ಕೇಳಿದಳು ತಾಯಿ.

"ಕರುವಿಗೆ ಮನಿ, ಅವ್ವಾ."

"ಈ ಬಿಳೇದು?"

"ಕರುವಿಗೆ ಬಾನಿ."

ಸಿದ್ದಲಿಂಗವ್ವ ಬೇಸಿನ್ನನ್ನು ಸುತ್ತಲೂ ನೋಡಿದಳು. ಮಗನ ಮುಖವನ್ನೂ ನೋಡಿದಳು. "ಚಂದ ಐತಿ" ಎಂದಳು. ಅದರ ತೂತಿಗೆ ಹಳೆ ಧೋತರದ ಚಿಂದಿ ತುರುಕಿ, ಕಲಗಚ್ಚು ಸುರಿದು, ಕರುವನ್ನು ತಂದು ಕಟ್ಟಿದಳು. ಬಳಿಕ ಎಂದಿನಂತೆ ಸಂಜೆ ಹೊತ್ತಿನ ಹರಟೆಗೆ ಎದುರು ಮನೆಯ ಸಗೀರಾಳ ಕಡೆಗೆ ಹೋದಳು.

ಬೆಳಗಾಗುತ್ತಲೇ ಹಿತ್ತಲಿನಲ್ಲಿ ಧಡಲ್ ಎಂದು ಸದ್ದಾಯಿತು.

ಶ್ರೀಶೈಲ ಹೋಗಿ ನೋಡುವಷ್ಟರಲ್ಲಿ ಕಣಿಕೆ, ರವದಿ, ಮಣ್ಣು ಯಾವುದೂ ಇರಲಿಲ್ಲ. ಕಪ್ಪು ಬಾಯಿಯೊಂದೇ ಇತ್ತು. ಅದರೊಳಗಿಂದ ಯಾರೋ ಹಳೆಯ ಕಬ್ಬಿಣದ ಪೆಟ್ಟಿಗೆ ಎಳೆದಂತೆ, "ಗುರ್‌ರ್, ಗುರ್‌ರ್."

ಪಕ್ಕದ ಗೋಡೆಯ ಮೇಲೆ ಮಡಿವಾಳಪ್ಪನ ತಲೆ ಮೂಡಿತು. ಊರಿನಲ್ಲಿ ಎಲೆ ಉದುರಿದರೂ ಯಾವ ಗಿಡದ್ದು ಎಂದು ಹೇಳುವ ಮನುಷ್ಯ. ತನ್ನಜ್ಜ ಒಮ್ಮೆ ಬರಿಗೈಯಲ್ಲಿ ಹಂದಿ ಹೊಡೆದಿದ್ದನೆಂದು ಹೇಳುತ್ತಲೇ ಮುದುಕನಾದವನು. ಮೂಗು ಅರಳಿಸಿ ಗಾಳಿ ಎಳೆದುಕೊಂಡ.

"ಹಂದಿ! ಶ್ರೀಶೈಲ, ಹಂದಿ ಹಿಡದೀ ಏನೋ!"

"ಇಲ್ಲ ಕಾಕಾ, ನಾನು..."

"ಏ, ಬರ್ರೆಪಾ ಬರ್ರಿ! ನಮ್ಮ ಶ್ರೀಶೈಲ ಖೆಡ್ಡಾ ತೋಡಿ ಹಂದಿ ಕೆಡವ್ಯಾನ!"

ಆ ಹಂದಿ ಯಾರ ಶೇಂಗಾ ಬಿಟ್ಟಿರಲಿಲ್ಲ, ಯಾರ ಕಬ್ಬು ಬಿಟ್ಟಿರಲಿಲ್ಲ. ಹಿತ್ತಲು ಕ್ಷಣದಲ್ಲಿ ತುಂಬಿತು. ಸಿದ್ದಲಿಂಗವ್ವ ಹಿಂಬಾಗಿಲಿಗೆ ಬಂದು ನಿಂತಳು. ಅವಳ ಕಣ್ಣು ಹಗೇವಿನ ಒಡೆದ ಬಾಯಿಯ ಮೇಲೆ.

"ಹಗೇವು ಯಾಕ ತಗದೀಯೋ?"

ಉತ್ತರ ಕೊಟ್ಟವನು ಮಡಿವಾಳಪ್ಪ. "ಹಂದಿ ಹಿಡ್ಯಾಕ ವೈನಿ, ಮತ್ಯಾಕ!"

ಮುಳುಗುವವನಿಗೆ ಕೈ ಸಿಕ್ಕಿದಂತಾಯಿತು. "ಹೌದವ್ವಾ," ಎಂದ ಶ್ರೀಶೈಲ. "ನಿನ್ನ ಮೊಣಕಾಲು ಕೆಡಿಸಿದ ಹಂದಿ ಅದು. ಹಂಗ ಬಿಡ್ತೇನೇನು ನಾ?"

ಮಾತು ಬಾಯಿಂದ ಹೊರಬಿದ್ದಾಗ ಅವನಿಗೇ ಮೈ ಜುಮ್ಮೆಂದಿತು. ಜನಕ್ಕೆ ಅಷ್ಟೇ ಸಾಕಾಯಿತು. ಯಾರೋ ಅವನ ತಲೆಗೆ ಟವೆಲ್ಲು ಸುತ್ತಿದರು. ಇನ್ನಾರೋ ಕೈಗೆ ಬಡಿಗೆ ಕೊಟ್ಟರು. "ಒಂದು ಕಾಲು ಮುಂದಿಡು. ಹಾಂ. ಮುಖ ಸಿಟ್ಟಿಲೆ ಮಾಡು," ಎನ್ನುತ್ತ ಮಡಿವಾಳಪ್ಪ ತನ್ನ ಫೋನಿನಲ್ಲಿ ಫೋಟೋ ತೆಗೆದು, ಅಲ್ಲೇ ಊರಿನ ಗ್ರೂಪಿಗೆ ಹಾಕಿದ. ಮಾಂಸದ ಅಂಗಡಿಯ ದಾರಿಯನ್ನೂ ತುಳಿಯದ ವಂಶದಲ್ಲಿ ಹುಟ್ಟಿ, ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕರೆಯುತ್ತಿದ್ದ ಶ್ರೀಶೈಲ ಹೀಗೆ ಚಹಾ ಕುಡಿಯುವುದಕ್ಕೆ ಮುಂಚೆಯೇ ಬೇಟೆಗಾರನಾದ.

"ಎಂಟು ದಿನದಿಂದ ಹೊಂಚು ಹಾಕಿದ್ದೆ" ಎಂದು ಒಂದು ಮಾತನ್ನೂ ಸೇರಿಸಿದ. ಯಾರೂ ಕೇಳಿರಲಿಲ್ಲ.

ಆಗ ಎದುರು ಮನೆಯ ಶಮಶುದ್ದೀನ ಬಂದ. ಸಗೀರಾಳ ಗಂಡ. ಮಾತು ಕಡಿಮೆ. ಹಗೇವಿನ ಅಂಚಿಗೆ ಕೂತು ಕಿವಿಗೊಟ್ಟು ಕೇಳಿದ.

"ಹಿಡದಿ, ಖರೆ. ಮುಂದ?"

"ಮುಂದ ಅಂದ್ರ, ಮಾಮಾ?"

"ಮುಂದ ಏನು ಮಾಡ್ತಿ ಇದನ್ನ?"

ಅದನ್ನು ಯಾರೂ ಯೋಚಿಸಿರಲಿಲ್ಲ.

"ನೀವು ಏನಾರ..." ಎಂದ ಶ್ರೀಶೈಲ ಆಸೆಯಿಂದ.

ಶಮಶುದ್ದೀನ ಎರಡು ಹೆಜ್ಜೆ ಹಿಂದೆ ಸರಿದ. "ತಮ್ಮಾ, ಹಂದಿ ಮಾತಿಗೆ ನೀನೂ ನಾನೂ ಒಂದ ಪಂಗಡ. ನನ್ನ ಕಡೆ ನೋಡಬ್ಯಾಡ."

"ಮೊದಲ ಎಷ್ಟು ದೊಡ್ಡದೈತಿ ನೋಡೂಣು," ಎಂದ ಮಡಿವಾಳಪ್ಪ. ಯಾರು ಇಳಿದು ನೋಡುವುದು? ತಮ್ಮಜ್ಜನ ರಕ್ತ ತನ್ನ ಮೈಯಲ್ಲಿ ಹರಿಯುತ್ತಿದ್ದರೂ ಮೊಣಕಾಲು ಕೇಳುವುದಿಲ್ಲ ಎಂದ. ಕೊನೆಗೆ ಶ್ರೀಶೈಲನ ಫೋನಿನ ಬ್ಯಾಟರಿ ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಡುವುದೆಂದಾಯಿತು. ತನ್ನ ಫೋನು ಹೊಸದೆಂದು ಮಡಿವಾಳಪ್ಪ ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಫೋನು ತೊಟ್ಟಿಲಿನ ಹಾಗೆ ತೂಗುತ್ತ ಕತ್ತಲಿಗಿಳಿಯಿತು. ಬೆಳಕಿನಲ್ಲಿ ಕಪ್ಪು ಕೂದಲು ಕಂಡಿತು, ಒಂದು ಕೋರೆ ಕಂಡಿತು. "ಯಪ್ಪಾ, ಎಮ್ಮಿ ಕರಾ ಇದ್ದಂಗ ಐತಿ!" ಅಷ್ಟರಲ್ಲಿ ಫೋನು ರಿಂಗಾಗತೊಡಗಿತು.

ವಿದ್ಯಾವತಿ.

"ಎಳೀರಿ! ಮ್ಯಾಲ ಎಳೀರಿ!" ಎಂದು ಶ್ರೀಶೈಲ ಕೂಗಿಕೊಂಡ. ತಡವಾಗಿತ್ತು. ಮಿನುಗುವ ವಸ್ತು ಏನೆಂದು ಹಂದಿ ತನ್ನ ಒದ್ದೆ ಮೂತಿಯಿಂದ ಒಮ್ಮೆ ಒರೆಸಿ ನೋಡಿತು. ಕರೆ ಕೂಡಿತು. ಶ್ರೀಶೈಲನ ಫೋನು ಕೆಟ್ಟು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತಿತ್ತು. ಅದರ ಮೇಲೆ ಹಗೇವಿನ ಹೊಟ್ಟೆ ಬೇರೆ. ವಿದ್ಯಾವತಿಯ ದನಿ ಗುಡಿಯ ಮೈಕಿನಷ್ಟು ದೊಡ್ಡದಾಗಿ ಹೊರಬಂತು.

"ಏನ್ರಿ, ಕೇಳಸ್ತೈತೇನು? ನಾ ಆಲಮೇಲಕ್ಕ ಬಂದೇನಿ."

"ಗುರ್‌ರ್," ಎಂದಿತು ಹಂದಿ.

"ಏನ್ರಿ?"

"ಗುರ್‌ರ್... ಫುಸ್."

"ಇನ್ನಾ ಮಲಗೀರಾ? ನಾ ನಸುಕಿನ್ಯಾಗ ಎದ್ದು ಬಾಗೇವಾಡಿ, ಸಿಂದಗಿ ಎರಡು ಬಸ್ ಬದಲಿ ಮಾಡಿ ಬಂದೇನಿ. ನಿಮ್ಮ ಗೊರಕಿ ಮಾತ್ರ ಹಂಗ ಐತಲ್ಲ! ಟಂಟಂ ಹಿಡದು ಬರಾಕತ್ತೇನಿ. ಪಾಯ..."

ಅಲ್ಲಿಗೆ ಹಂದಿ ಹಗ್ಗ ಕಡಿಯಿತು. ಬೆಳಕು ಆರಿತು. ಮಾತು ನಿಂತಿತು. ಶ್ರೀಶೈಲ ಮೊದಲು ತಾಯಿಯ ಕಡೆ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಕೇಳಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡ.

ಟಂಟಂ ಬರುವುದಕ್ಕೆ ಮುಂಚೆ ಹಂದಿ ಹೊರಗೆ ಹೋಗಬೇಕು, ಹಗೇವು ಪಾಯಖಾನೆಯಾಗಬೇಕು, ಅದು ತಾಯಿಗೆ ಗೊತ್ತಾಗಬಾರದು. ಇಷ್ಟೇ ಕೆಲಸ. ಹೇಗೆಂದು ಅವನು ಯೋಚಿಸುತ್ತಿರುವಾಗ ಹೊರಗೆ ಮೋಟರ್ ಸೈಕಲ್ ನಿಂತಿತು. ಖಾಕಿ ಅಂಗಿಯ ಅರಣ್ಯ ಇಲಾಖೆಯ ಗಾರ್ಡ್ ಕಲ್ಮೇಶ ಒಳಗೆ ಬಂದ. ಅವನ ಫೋನಿನಲ್ಲಿ ಶ್ರೀಶೈಲನ ಫೋಟೋ ಇತ್ತು. ಒಂದು ಕಾಲು ಮುಂದೆ, ಮುಖ ಸಿಟ್ಟಿನಲ್ಲಿ.

ಕಲ್ಮೇಶ ಯಾರನ್ನೂ ಮಾತಾಡಿಸದೆ ಹಗೇವಿನ ಸುತ್ತ ಒಂದು ಸುತ್ತು ಹಾಕಿದ. ಕಣಿಕೆಯ ತುಂಡು ಎತ್ತಿ ನೋಡಿದ. ರವದಿ ಮುಟ್ಟಿದ. ಜೋಳ ಮೂಸಿದ.

"ಯಾರು ಮಾಡಿದ್ದು ಇದನ್ನ?"

"ನಮ್ಮ ಶ್ರೀಶೈಲರೀ!" ಎಂದಿತು ಗುಂಪು ಒಂದೇ ಬಾಯಲ್ಲಿ.

"ಎಂಟು ದಿನದಿಂದ ಹೊಂಚು ಹಾಕಿದ್ದರೀ," ಎಂದ ಒಬ್ಬ.

"ಕೊಳೆತ ಜ್ವಾಳದ ಆಸೆ ಹಚ್ಚಿ ಕೆಡವಿದ ನೋಡ್ರಿ, ನಮ್ಮಜ್ಜಗೂ ಇಷ್ಟು ತೆಲಿ ಇರಲಿಲ್ಲ!" ಎಂದ ಮಡಿವಾಳಪ್ಪ. ಒಂದೊಂದು ಹೊಗಳಿಕೆಯೂ ಶ್ರೀಶೈಲನಿಗೆ ಒಂದೊಂದು ಮೊಳೆಯಂತೆ ಬಡಿಯಿತು.

"ಕಾಡಪ್ರಾಣಿ ಬೇಟೆ ಅಂದ್ರ ಕೇಸು, ಗೊತ್ತೈತಿಲ್ಲೋ?" ಎಂದ ಕಲ್ಮೇಶ. "ತಗ್ಗು, ಮ್ಯಾಲ ಕಣಿಕಿ, ಅದರ ಮ್ಯಾಲ ಮಣ್ಣು, ಅದರ ಮ್ಯಾಲ ಜ್ವಾಳ. ಪುಸ್ತಕದಾಗ ಬರದಂಗ ಮಾಡೀಯಲ್ಲೋ! ನಡಿ, ಗಾಡಿ ಹತ್ತು."

ಹೊಗಳುತ್ತಿದ್ದವರೆಲ್ಲ ಶ್ರೀಶೈಲನಿಂದ ಒಂದು ಮಾರು ದೂರ ನಿಂತರು. ಟವೆಲ್ಲು ಸುತ್ತಿದವನು ಬಂದು ತನ್ನ ಟವೆಲ್ಲು ಬಿಚ್ಚಿಕೊಂಡು ಹೋದ.

ಶ್ರೀಶೈಲ ಕಲ್ಮೇಶನ ಕಿವಿಗೆ ಬಾಯಿ ಹಚ್ಚಿದ. "ಸಾಹೇಬ್ರ, ಇದು ಖೆಡ್ಡಾ ಅಲ್ರಿ. ಪಾಯಖಾನಿ ತಗ್ಗರಿ."

"ಏನು? ಜೋರಾಗಿ ಹೇಳು."

"ಜೋರಾಗಿ ಹೇಳಾಕ ಬರೂದಿಲ್ರಿ. ನಮ್ಮವ್ವ ಅದಾಳ."

"ಪಾಯಖಾನಿಗೆ ಜ್ವಾಳ ಯಾಕ ಹಾಕಿದಿ?"

"ಅವ್ವಗ ಕಾಣಬಾರದು ಅಂತರೀ."

ಕಲ್ಮೇಶ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಪಾಯಖಾನಿ ಅಂದ್ರ ಬೇಸಿನ್ ಇರಬೇಕಲ್ಲ. ಎಲ್ಲೈತಿ ತೋರಿಸು."

ಶ್ರೀಶೈಲನ ಮುಖದಲ್ಲಿ ಜೀವ ಬಂತು. ಮೂರು ಗೋಡೆಗಳ ಕಡೆಗೆ ಗಾರ್ಡನನ್ನು ಕರೆದೊಯ್ದ. ಅಲ್ಲಿ ಕರು ಬೇಸಿನ್ನಿನಲ್ಲಿ ಮೂತಿ ಅದ್ದಿ ಕಲಗಚ್ಚು ಹೀರುತ್ತಿತ್ತು. ತಲೆ ಎತ್ತಿ ಕಲ್ಮೇಶನನ್ನು ನೋಡಿತು. ಮೂಗಿನ ತುಂಬ ತೌಡು.

"ಅವ್ವಾ," ಎಂದು ಕಲ್ಮೇಶ ಸಿದ್ದಲಿಂಗವ್ವನನ್ನೇ ಕೇಳಿದ, "ಇದೇನವ್ವಾ?"

"ಕರುವಿನ ಮನಿರೀ. ಅದು ಬಾನಿ. ನನ್ನ ಮಗ ನಿನ್ನಿ ಸಂಜಿಗೆ ತನ್ನ ಬಾಯಿಲೆ ಹೇಳ್ಯಾನ," ಎಂದಳು ಅವಳು ಶಾಂತವಾಗಿ.

"ಸರಕಾರದ ಮನುಷ್ಯಾಗ ಕರುವಿನ ಬಾನಿ ತೋರಿಸಿ ಪಾಯಖಾನಿ ಅಂತೀಯಾ? ಇರು, ಮೊದಲ ಹಂದೀನ ಹೊರಗ ಕಳಸೂಣು. ನಿನ್ನ ಸರತಿ ಆಮೇಲೆ."

ಹಗೇವಿನ ಒಂದು ಮಗ್ಗುಲನ್ನು ಇಳಿಜಾರಾಗಿ ಕಡಿದರೆ ಹಂದಿ ತಾನೇ ಹತ್ತಿ ಬರುತ್ತದೆ ಎಂದು ಕಲ್ಮೇಶ ಹೇಳಿದ. ಹಾರೆ, ಗುದ್ದಲಿ, ಸಲಿಕೆ ಬಂದವು. ಗೌಂಡಿ, ಕೂಲಿಯವರು ಸಿಗಲಿಲ್ಲವೆಂದು ಮೂರು ತಿಂಗಳಿಂದ ಕೊರಗುತ್ತಿದ್ದ ಶ್ರೀಶೈಲನ ಹಿತ್ತಲಿನಲ್ಲಿ ಈಗ ಅರ್ಧ ಊರು ಬಿಟ್ಟಿ ದುಡಿಯಿತು. ಮುತ್ತಜ್ಜನ ಹಗೇವು ನೋಡನೋಡುತ್ತ ಎತ್ತಿನ ಗಾಡಿ ಇಳಿಯುವಷ್ಟು ಅಗಲವಾಯಿತು.

"ಕಬ್ಬಿನ ಕಡೆ ದಾರಿ ಬಿಡ್ರಿ. ಯಾರೂ ಪಿಟ್ ಅನ್ನಬ್ಯಾಡ್ರಿ," ಎಂದ ಕಲ್ಮೇಶ. ಎಲ್ಲರೂ ಉಸಿರು ಹಿಡಿದು ನಿಂತರು. ಸಿದ್ದಲಿಂಗವ್ವ ಹೋಗಿ ಕರು ಬಿಚ್ಚಿಕೊಂಡು ಒಳಗೆ ಬಂದಳು.

ಮಣ್ಣು ಮೆತ್ತಿದ ಮೂತಿಯೊಂದು ಮೇಲೆ ಬಂತು. ಕಬ್ಬಿನ ಕಡೆ ನೋಡಿತು. ಎರಡು ಹೆಜ್ಜೆ ಆ ಕಡೆ ಇಟ್ಟಿತು ಕೂಡ. ಆಗ ಮಡಿವಾಳಪ್ಪನಿಗೆ ತಮ್ಮಜ್ಜ ನೆನಪಾದ. ಪಕ್ಕದಲ್ಲಿದ್ದ ತಾಟೊಂದನ್ನು ಎತ್ತಿ ಬಡಿಗೆಯಿಂದ ಢಣಢಣ ಬಾರಿಸಿ, "ಹೋ! ಹೋ! ಹೋ!" ಎಂದ.

ಹಂದಿ ತಿರುಗಿತು.

ಆಮೇಲೆ ಯಾರು ಎಲ್ಲಿ ಓಡಿದರೆಂದು ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಮೊಣಕಾಲು ಕೇಳದ ಮಡಿವಾಳಪ್ಪ ಕಣಿಕೆಯ ಬಣವೆಯ ತುದಿಯಲ್ಲಿದ್ದ. ಕಲ್ಮೇಶ ಶಮಶುದ್ದೀನನ ಕುತ್ತಿಗೆಗೆ ಜೋತುಬಿದ್ದಿದ್ದ. ಹಂದಿ ಯಾರ ಗೊಡವೆಗೂ ಹೋಗಲಿಲ್ಲ. ನೇರವಾಗಿ ಮೂರು ಗೋಡೆಗಳ ನಡುವೆ ನುಗ್ಗಿತು. ಗೋಡೆಯಿಲ್ಲದ ಕಡೆಯಿಂದ ಒಳಗೆ ಹೋದದ್ದು ಬಾಗಿಲಿಲ್ಲದ ಕಡೆಯಿಂದ ಹೊರಗೆ ಬಂತು. ಎಂದರೆ, ಅದು ಹೊರಬಂದ ಕಡೆ ಅಲ್ಲಿಯವರೆಗೆ ಗೋಡೆಯಿತ್ತು. ಒಂದು ಗೋಡೆ ಇನ್ನೊಂದರ ಮೇಲೆ, ಅದು ಮೂರನೆಯದರ ಮೇಲೆ, ಮೊದಲೇ ಮಾತಾಡಿಕೊಂಡಿದ್ದಂತೆ ಒರಗಿ ಕೂತವು. ಧೂಳು ಇಳಿಯುವಷ್ಟರಲ್ಲಿ ಹಂದಿ ಕಬ್ಬು ಸೇರಿತ್ತು. ಇಟ್ಟಂಗಿಗಳ ರಾಶಿಯಲ್ಲಿ ಬಿಳಿ ಬೇಸಿನ್ನು ಮಾತ್ರ ಒಂದು ಗೀರೂ ಬೀಳದೆ ಹೊಳೆಯುತ್ತಿತ್ತು.

ಆ ಧೂಳಿನಲ್ಲಿ ಟಂಟಂ ಬಂದು ನಿಂತಿತು.

ವಿದ್ಯಾವತಿ ಕೈಚೀಲ ಹಿಡಿದು ಇಳಿದಳು. "ಗಾಡಿ ನಿಂದ್ರಲೆಪಾ," ಎಂದು ಡ್ರೈವರನಿಗೆ ಹೇಳಿ ಹಿತ್ತಲಿಗೆ ಬಂದಳು. ಕೈಚೀಲ ಕೆಳಗಿಡಲಿಲ್ಲ. ಇಳಿಜಾರು ತಗ್ಗು ನೋಡಿದಳು, ಇಟ್ಟಂಗಿ ರಾಶಿ ನೋಡಿದಳು, ಬಣವೆಯ ಮೇಲಿನ ಮಡಿವಾಳಪ್ಪನನ್ನು ನೋಡಿದಳು. ಕೊನೆಗೆ ಗಂಡನ ಕಡೆ ತಿರುಗಿದಳು.

"ಆತು ಅಂದಿದ್ರಿ?"

"ಆಗಿತ್ತು," ಎಂದ ಶ್ರೀಶೈಲ.

ಕಲ್ಮೇಶ ಅಂಗಿ ಸರಿಪಡಿಸಿಕೊಂಡು ನಡುವೆ ಬಂದ. "ತಂಗೀ, ನಿನ್ನ ಗಂಡನ ಮ್ಯಾಲ ಬೇಟೆ ಕೇಸು ಐತಿ. ನನ್ನ ಕಿವ್ಯಾಗ ಬ್ಯಾರೆ ಏನೋ ಹೇಳ್ಯಾನ. ಅದನ್ನ ಎಲ್ಲಾರ ಮುಂದ ಹೇಳಲಿ. ಹೇಳಿದ್ರ ಬಿಡ್ತೇನಿ. ಇಲ್ಲಂದ್ರ ಗಾಡಿ ಹತ್ತಲಿ. ಏನಪಾ, ಇದು ಖೆಡ್ಡಾನೋ, ಏನದು?"

ಎದುರಿಗೆ ಹೆಂಡತಿ, ಹಿಂಬಾಗಿಲಿನಲ್ಲಿ ತಾಯಿ, ಪಕ್ಕದಲ್ಲಿ ಸರಕಾರ. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟು ಇಲ್ಲಿಯವರೆಗೆ ಬಂದಿದ್ದ ಶ್ರೀಶೈಲನಿಗೆ ಈಗ ಒಂದೇ ಉತ್ತರ ಕೊಡುವ ಪಾಳಿ ಬಂತು. ಕಣ್ಣು ಮುಚ್ಚಿಕೊಂಡ.

"ಪಾಯಖಾನಿ!" ಎಂದು ಕೂಗಿದ. "ಅದು ಪಾಯಖಾನಿ ತಗ್ಗು! ಹಂದಿ ತಾನ ಬಿದ್ದೈತಿ! ಕಣಿಕಿ ಹಾಕಿದ್ದು ಅವ್ವಗ ಕಾಣಬಾರದಂತ!"

"ಖರೇನೇನು ತಂಗೀ?" ಎಂದು ಕಲ್ಮೇಶ ಕೇಳಿದ.

"ಖರೆ ಇರಬೇಕ್ರಿ," ಎಂದಳು ವಿದ್ಯಾವತಿ. "ಅದಕ್ಕ ನಾ ತವರಿಗೆ ಹೋಗಿದ್ದು. ಮತ್ತ ಇವರು ಹಂದಿ ಹಿಡ್ಯಾವರಲ್ರಿ. ಜಿರಲಿ ಬಂದ್ರ ನನ್ನ ಕರೀತಾರ."

ಗುಂಪು ಕಿಸಕ್ಕೆಂದಿತು. ಕಲ್ಮೇಶನಿಗೂ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. "ಮುಂದಿನ ಸಲ ನಾ ಬಂದಾಗ ಇಲ್ಲಿ ಪಾಯಖಾನಿ ಕಾಣಬೇಕು. ತಗ್ಗ ಕಂಡ್ರ ಖೆಡ್ಡಾ ಅಂತ ಬರೀತೇನಿ," ಎಂದು ಮೋಟರ್ ಸೈಕಲ್ ಹತ್ತಿದ.

ಇನ್ನು ಉಳಿದವಳು ತಾಯಿ. ಶ್ರೀಶೈಲ ನಿಧಾನವಾಗಿ ತಿರುಗಿದ.

"ಅವ್ವಾ, ಸಿಟ್ಟಿಗೇಳಬ್ಯಾಡ. ನಿನಗ ಪಾಯಖಾನಿ ಬ್ಯಾಡ ಅಂತ ಗೊತ್ತೈತಿ. ಆದ್ರ..."

"ಯಾರಿಗೆ ಬ್ಯಾಡ?"

"ನಿನಗ. ನೀನ ಅಂದಿದ್ದಿಲ್ಲೇನು?"

"ಹಗೇವು ಮುಟ್ಟಬ್ಯಾಡ ಅಂದೆ. ಪಾಯಖಾನಿ ಬ್ಯಾಡ ಅಂದೆನೇನೋ, ಹುಚ್ಚಪ್ಯಾಲಿ?" ಸಿದ್ದಲಿಂಗವ್ವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದಳು. "ಹಂದಿ ಬಂದಾಗ ನಿನ್ನ ಹೆಂಡತಿ ಒಬ್ಬಾಕಿನ ಓಡಿದಳೇನು? ನಾ ಏನು ಅಲ್ಲೇ ಕುಂತು ಅದರ ಕೂಡ ಮಾತಾಡಾಕತ್ತಿದ್ದೆನೇನು? ಹಿತ್ತಲ ಇಷ್ಟು ಬಿದ್ದೈತಿ. ಎಲ್ಲಿ ಬೇಕಲ್ಲಿ ತೋಡಬೇಕಿತ್ತು!"

"ನಾ ಹೇಳಿರಲಿಲ್ಲೇನ್ರಿ ಅತ್ತಿ," ಎಂದಳು ವಿದ್ಯಾವತಿ, "ಇವರು ಕೇಳೂದೂ ಇಲ್ಲ, ಮಾಡೂದೂ ಇಲ್ಲ ಅಂತ."

"ಯಾವಾಗ ಹೇಳಿದಿ?" ಎಂದ ಶ್ರೀಶೈಲ ಬೆರಗಾಗಿ.

ಅತ್ತೆ ಸೊಸೆ ಇಬ್ಬರೂ ಎದುರು ಮನೆಯ ಕಡೆ ನೋಡಿದರು. ಬಾಗಿಲಿನಲ್ಲಿ ನಿಂತಿದ್ದ ಸಗೀರಾ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು. "ದಿನಾ ಸಂಜಿಗೆ ನನ್ನ ಫೋನಿನ್ಯಾಗ ಮಾತಾಡ್ತಾರ ನೋಡಪಾ. ಬ್ಯಾಳಿ ಹಸನ ಮಾಡಾಕಂತ ಬಂದು ಒಂದು ಕಾಳು ಆರಿಸಿಲ್ಲ ನಿಮ್ಮವ್ವ."

"ನಿನ್ನಿ ಸಂಜಿ ಬಾನಿ ಸುದ್ದೀನೂ ಹೇಳೀನಿ," ಎಂದಳು ಸಿದ್ದಲಿಂಗವ್ವ. "ಹಗೇವು ಒಂದು ಒಡದಾನು ಅಂತ ಗೊತ್ತಿರಲಿಲ್ಲ. ಏ ವಿದ್ಯಾ, ನಿಮ್ಮಣ್ಣನ ಮನ್ಯಾಗ ಕುರ್ಚಿಯಂಥಾ ಪಾಯಖಾನಿ ಐತಿ ಅಂದಿದ್ದಿಯಲ್ಲ?"

"ಐತ್ರಿ ಅತ್ತಿ. ಬಾಜೂಕ ಹಿಡಕೊಳ್ಳಾಕ ಹಿಡಿಕಿನೂ ಐತಿ."

ಸಿದ್ದಲಿಂಗವ್ವ ಒಳಗೆ ಹೋದಳು. ಸಿಂದಗಿಯಿಂದ ತಂದ ಚೀಲ ಇನ್ನೂ ಬಿಚ್ಚಿರಲಿಲ್ಲ. ಅದನ್ನೇ ಎತ್ತಿಕೊಂಡು ಬಂದು ಟಂಟಂ ಹತ್ತಿದಳು.

"ಅವ್ವಾ! ಬೀಗರ ಮನ್ಯಾಗ ಹೋಗಿ ಇರ್ತೀಯೇನು? ಮಂದಿ ಏನಂದಾರು!"

"ಮಂದಿಗೆ ಮೊಣಕಾಲು ನೋವಿಲ್ಲ," ಎಂದಳು ಸಿದ್ದಲಿಂಗವ್ವ. "ಹಗೇವಿಗೆ ಹೊಲಸು ಮುಟ್ಟಿಸಿದ್ರ ಒಂದು ಗಳಿಗಿ ಇರೂದಿಲ್ಲ ಅಂದಿದ್ದೆ. ಹಂದಿ ಇಳಿಸೀಯಲ್ಲ."

ವಿದ್ಯಾವತಿ ಅತ್ತೆಯ ಪಕ್ಕದಲ್ಲಿ ಕೂತು, ಎರಡೂ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಹೊರಟಾಗ ಹೊರಗೆ ತಲೆ ಹಾಕಿದಳು.

"ಪಾಯಖಾನಿ ಆದ ದಿನ ಫೋನ್ ಮಾಡ್ರಿ. ಬರ್ತೇವಿ."

ಜನ ಒಬ್ಬೊಬ್ಬರಾಗಿ ಚದುರಿದರು. ಶಮಶುದ್ದೀನ ಅವನ ಹೆಗಲು ತಟ್ಟಿ ಹೋದ. ಕರು ಬಂದು ಬೇಸಿನ್ನು ನೆಕ್ಕತೊಡಗಿತು.

ಫೋನು ಎಂದಾಗ ಶ್ರೀಶೈಲನಿಗೆ ನೆನಪಾಯಿತು, ಫೋನು ಹಗೇವಿನ ತಳದಲ್ಲಿದೆ. ಇಳಿಜಾರಿನಲ್ಲಿ ಮೆಲ್ಲಗೆ ಕಾಲಿಟ್ಟ. ಹಂದಿ ತುಳಿದು ನುಣುಪಾಗಿದ್ದ ಕೊಳೆತ ಜೋಳದ ಮೇಲೆ ಕಾಲು ಜಾರಿತು. ಮುಂದಿನ ಕ್ಷಣ ಅವನು ಕತ್ತಲಲ್ಲಿ, ಕೆಸರಿನಲ್ಲಿ ಅಂಗಾತ ಬಿದ್ದಿದ್ದ. ಫೋನು ಬೆನ್ನಿನ ಕೆಳಗೆ ಪಟ್ ಎಂದಿತು. ಅವನ ಬಾಯಿಂದ ನರಳಿಕೆಯೊಂದು ಹೊರಟು, ಹಗೇವಿನ ಹೊಟ್ಟೆಯಲ್ಲಿ ಸುತ್ತಿ, ದೊಡ್ಡದಾಗಿ ಮೇಲೆ ಹೋಯಿತು.

ಬಣವೆಯ ತುದಿಯಲ್ಲಿ ಎಲ್ಲರೂ ಮರೆತುಹೋಗಿದ್ದ ಮಡಿವಾಳಪ್ಪ ಕಿವಿ ನಿಮಿರಿಸಿದ.

"ಬರ್ರೆಪಾ ಬರ್ರಿ! ಶ್ರೀಶೈಲನ ಖೆಡ್ಡಾಕ್ಕ ಇನ್ನೊಂದು ಬಿತ್ತು! ಈ ಸಲ ಬಿಡಬ್ಯಾಡ್ರಿ, ಬಡಿಗಿ ತಗೊಂಡ ಬರ್ರಿ!"